ಆರ್ನೆಟ್ ಕೋಲ್ಮನ್ ಅವರ 'ಫ್ರೀ ಜಾಝ್' ಕೇಳುವಾಗ ಯಾರ ಕಡೆ ಕಿವಿ ಕೊಡಬೇಕು?

ಎಡಕಿವಿ ಬಲಕಿವಿ

ಹೊಸಬರು ಇಲ್ಲಿ ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "'ಫ್ರೀ ಜಾಝ್' ಹಾಕಿದೆ, ಐದು ನಿಮಿಷಕ್ಕೇ ತಲೆ ಕೆಟ್ಟುಹೋಯ್ತು, ಇದನ್ನು ಜನ ಯಾಕೆ ಇಷ್ಟು ಹೊಗಳುತ್ತಾರೆ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಒಂದೇ ಕಡೆ ಬರೆದಿಡೋಣ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಒಪ್ಪದವರು ಖಂಡಿತ ವಾದಕ್ಕೆ ಬನ್ನಿ.

ಮೊದಲು ವಿವರ. ಇದು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ರೆಕಾರ್ಡ್. 1960ರ ಡಿಸೆಂಬರ್ 21, ನ್ಯೂಯಾರ್ಕ್‌ನ ಎ ಅಂಡ್ ಆರ್ ಸ್ಟುಡಿಯೋ. ಅಟ್ಲಾಂಟಿಕ್ ಕಂಪನಿಯ ಪರವಾಗಿ ನಿರ್ಮಾಪಕ ನೆಸುಹಿ ಎರ್ಟೆಗುನ್, ಧ್ವನಿಮುದ್ರಣ ಟಾಮ್ ಡೌಡ್ ಅವರದು. ನುಡಿಸಿದವರು ಎಂಟು ಜನ. ಈ ಎಂಟು ಜನರನ್ನು ಆರ್ನೆಟ್ ನಾಲ್ಕು ನಾಲ್ಕು ಜನರ ಎರಡು ತಂಡ ಮಾಡಿ ಕೂರಿಸಿದರು. ಎಡ ಸ್ಪೀಕರ್‌ನಲ್ಲಿ ಆರ್ನೆಟ್ ಅವರ ಆಲ್ಟೋ ಸ್ಯಾಕ್ಸೋಫೋನ್, ಡಾನ್ ಚೆರಿ ಅವರ ಪುಟ್ಟ ಪಾಕೆಟ್ ಟ್ರಂಪೆಟ್, ಸ್ಕಾಟ್ ಲಫಾರೊ ಅವರ ಡಬಲ್ ಬೇಸ್, ಬಿಲ್ಲಿ ಹಿಗಿನ್ಸ್ ಅವರ ಡ್ರಮ್ಸ್. ಬಲ ಸ್ಪೀಕರ್‌ನಲ್ಲಿ ಎರಿಕ್ ಡಾಲ್ಫಿ ಅವರ ಬೇಸ್ ಕ್ಲಾರಿನೆಟ್, ಫ್ರೆಡ್ಡಿ ಹಬರ್ಡ್ ಅವರ ಟ್ರಂಪೆಟ್, ಚಾರ್ಲಿ ಹೇಡನ್ ಅವರ ಡಬಲ್ ಬೇಸ್, ಎಡ್ ಬ್ಲಾಕ್‌ವೆಲ್ ಅವರ ಡ್ರಮ್ಸ್. ಪಿಯಾನೋ ಇಲ್ಲ. ಒಟ್ಟು 37 ನಿಮಿಷ, ಒಂದೇ ಉಸಿರಿನಲ್ಲಿ ನುಡಿಸಿದ್ದು. ಎಲ್‌ಪಿಯ ಒಂದು ಪಕ್ಕದಲ್ಲಿ ಅಷ್ಟು ಹಿಡಿಸದ ಕಾರಣ ಎರಡು ಪಕ್ಕಕ್ಕೆ ಹಂಚಿದರು. ಸಿಡಿ ಬಂದ ಮೇಲೆ ಮತ್ತೆ ಒಂದಾಯಿತು.

ಈಗ ನನ್ನ ಮಾತು. ಈ ರೆಕಾರ್ಡ್ ಬಗ್ಗೆ ಬರೆಯುವವರೆಲ್ಲ ಸ್ವಾತಂತ್ರ್ಯ ಅಂತ ಶುರು ಮಾಡುತ್ತಾರೆ. ಕಟ್ಟು ಮುರಿದರು, ನಿಯಮ ಬಿಟ್ಟರು, ಮನಸ್ಸಿಗೆ ಬಂದದ್ದು ಊದಿದರು. ಹಾಗೆ ಓದಿಕೊಂಡು ಕೇಳಿದರೆ ಗದ್ದಲವೇ ಕೇಳುತ್ತದೆ. ನನ್ನ ಪ್ರಕಾರ ಇದು ಪಕ್ಕವಾದ್ಯದ ರೆಕಾರ್ಡ್. ಒಬ್ಬರು ಮುಂದೆ ಬಂದು ನುಡಿಸುವಾಗ ಉಳಿದ ಏಳು ಜನ ಏನು ಮಾಡುತ್ತಾರೆ, ಯಾವಾಗ ಸುಮ್ಮನಿರುತ್ತಾರೆ, ಯಾವಾಗ ಒಂದು ಚೂರು ಎತ್ತಿಕೊಂಡು ವಾಪಸ್ ಎಸೆಯುತ್ತಾರೆ ಅನ್ನೋದೇ ಇದರ ಜೀವಾಳ. ಆದ್ದರಿಂದ ಸೋಲೋ ನುಡಿಸುವವರನ್ನು ಬಿಡಿ, ಅವರ ಹಿಂದೆ ಇರುವವರ ಕಡೆ ಕಿವಿ ಕೊಡಿ. ಹೀಗೆ ಒಂದು ಸಲ ಕೇಳಿದ ಮೇಲೂ ಗದ್ದಲ ಅನ್ನಿಸಿದರೆ ಅದು ನಿಮ್ಮ ನ್ಯಾಯವಾದ ಅಭಿಪ್ರಾಯ.

ಹಳೇ ರೆಕಾರ್ಡ್

ನನ್ನದು ಆ ನ್ಯಾಯವಾದ ಅಭಿಪ್ರಾಯವೇ. ಚೆನ್ನಾಗಿ ಕೇಳಿಯೇ ಹೇಳುತ್ತಿದ್ದೇನೆ.

ನಾನು ಆರ್ನೆಟ್ ವಿರೋಧಿ ಅಂದುಕೊಳ್ಳಬೇಡಿ. 1959ರಲ್ಲಿ ಅವರು ನಾಲ್ಕೇ ಜನರ ತಂಡದಲ್ಲಿ ಮಾಡಿದ 'ದಿ ಶೇಪ್ ಆಫ್ ಜಾಝ್ ಟು ಕಮ್' ನನಗೆ ಪ್ರಾಣ. ಅದರಲ್ಲಿ 'ಲೋನ್ಲಿ ವುಮನ್' ಕೇಳಿ. ಕೆಳಗೆ ಡ್ರಮ್ಸ್ ಓಡುತ್ತಿದೆ, ಮೇಲೆ ರಾಗ ನಿಧಾನವಾಗಿ ಎಳೆದುಕೊಂಡು ಹೋಗುತ್ತದೆ, ಎದೆ ಹಿಂಡುತ್ತದೆ. ಅಲ್ಲಿ ಹಾಡು ಇದೆ. ನಾಲ್ಕು ಜನ ಇದ್ದಾಗ ಪಿಯಾನೋ ಇಲ್ಲದ ಜಾಗ ಖಾಲಿ ಇರುತ್ತಿತ್ತು, ಆ ಖಾಲಿಯಲ್ಲಿ ಗಾಳಿ ಆಡುತ್ತಿತ್ತು. ಎಂಟು ಜನರನ್ನು ತುಂಬಿದ ಮೇಲೆ ಆ ಗಾಳಿ ಹೋಯಿತು. ಸಂತೆಯಲ್ಲಿ ಎಂಟು ಅಂಗಡಿಯವರು ಒಟ್ಟಿಗೆ ಕೂಗಿದ ಹಾಗೆ. ಒಬ್ಬೊಬ್ಬರ ಸರಕೂ ಒಳ್ಳೆಯದೇ, ಆದರೆ ಕೊಳ್ಳುವವನು ಏನು ಮಾಡಬೇಕು?

ನಾನೊಬ್ಬನೇ ಹೇಳುತ್ತಿರುವ ಮಾತಲ್ಲ ಇದು. 1962ರ ಜನವರಿಯಲ್ಲಿ 'ಡೌನ್ ಬೀಟ್' ಜಾಝ್ ಪತ್ರಿಕೆ ಈ ರೆಕಾರ್ಡಿಗೆ ಎರಡು ವಿಮರ್ಶೆ ಹಾಕಿತು. ಪೀಟ್ ವೆಲ್ಡಿಂಗ್ ಐದಕ್ಕೆ ಐದು ನಕ್ಷತ್ರ ಕೊಟ್ಟರು. ಜಾನ್ ಟೈನನ್ ಒಂದೂ ಕೊಡಲಿಲ್ಲ, ಸೊನ್ನೆ. ಟೈನನ್ ಕಿವಿ ಇಲ್ಲದ ಮನುಷ್ಯ ಏನಲ್ಲ.

ಎಡಕಿವಿ ಬಲಕಿವಿ

ಸರ್, ಬಂದಿದ್ದು ಖುಷಿಯಾಯ್ತು. 'ಲೋನ್ಲಿ ವುಮನ್' ಬಗ್ಗೆ ನೀವು ಹೇಳಿದ್ದಕ್ಕೆ ಒಂದಕ್ಷರ ಸೇರಿಸೋದಿಲ್ಲ.

ಆದರೆ ಎಂಟೂ ಜನ ಒಟ್ಟಿಗೆ ಕೂಗುತ್ತಾರೆ ಅನ್ನೋದನ್ನು ಒಪ್ಪಲಾರೆ. ನಿಜವಾಗಿ ಎಲ್ಲರೂ ಒಟ್ಟಿಗೆ ಮೈಮೇಲೆ ಬೀಳುವುದು ಶುರುವಿನ ಕೆಲವೇ ಕ್ಷಣ. ಆಮೇಲೆ ಊದುವವರೆಲ್ಲ ಉದ್ದನೆಯ ಸ್ವರಗಳನ್ನು ಒಟ್ಟಿಗೆ ಹಿಡಿಯುತ್ತಾರೆ. ಅದು ಬರೆದುಕೊಂಡು ಬಂದ ಭಾಗ. ಅಲ್ಲಿಂದ ಡಾಲ್ಫಿ ಒಬ್ಬರೇ ಮುಂದೆ ಬರುತ್ತಾರೆ. ಅವರಾದ ಮೇಲೆ ಮತ್ತೆ ಬರೆದ ಭಾಗ, ಆಮೇಲೆ ಹಬರ್ಡ್. ಮತ್ತೆ ಬರೆದ ಭಾಗ, ಆಮೇಲೆ ಆರ್ನೆಟ್. ಹೀಗೇ ಚೆರಿ, ಹೇಡನ್, ಲಫಾರೊ, ಬ್ಲಾಕ್‌ವೆಲ್, ಹಿಗಿನ್ಸ್. ಮೊದಲು ಊದುವವರು ನಾಲ್ಕು ಜನ, ಆಮೇಲೆ ಬೇಸ್ ಇಬ್ಬರು, ಕೊನೆಗೆ ಡ್ರಮ್ಸ್ ಇಬ್ಬರು. ಎಷ್ಟು ಅಚ್ಚುಕಟ್ಟು ನೋಡಿ. ಪ್ರತಿಯೊಬ್ಬರ ಸರದಿಗೂ ಬೇರೆ ಬೇರೆ ಮೈಲಿಗಲ್ಲು ನೆಟ್ಟಿದ್ದಾರೆ. ನಡಿಗೆಯ ವೇಗ ಶುರುವಿನಿಂದ ಕೊನೆಯವರೆಗೂ ಕೈಬಿಡೋದಿಲ್ಲ. ಬಿಟ್ಟಿದ್ದು ಕಾರ್ಡ್‌ಗಳನ್ನು (chord, ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಮಾತ್ರ. ಇಷ್ಟು ಬಾರ್ (ಲಯದ ಅಳತೆ) ಆದ ಮೇಲೆ ಈ ಕಾರ್ಡ್‌ಗೆ ಹೋಗಬೇಕು ಅನ್ನುವ ಲೆಕ್ಕ ಇಲ್ಲ. ಪಿಯಾನೋ ಇಲ್ಲದಿರುವುದೂ ಅದಕ್ಕೇ.

ಹತ್ತಿರದಿಂದ ಒಂದು ಜಾಗ ತೋರಿಸುತ್ತೇನೆ. ಆರ್ನೆಟ್ ಅವರ ಸೋಲೋ ಎಲ್ಲಕ್ಕಿಂತ ಉದ್ದ, ಸುಮಾರು ಹತ್ತು ನಿಮಿಷ. ಶುರುವಿನಲ್ಲಿ ಉಳಿದ ಮೂವರು ಊದುವವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಆರ್ನೆಟ್ ಒಂದು ಸಣ್ಣ ತುಣುಕು ನುಡಿಸುತ್ತಾರೆ. ಟೆಕ್ಸಸ್‌ನ ಬ್ಲೂಸ್ ವಾಸನೆ ಇರುವ, ಕುಣಿಯೋಣ ಅನ್ನಿಸುವ ತುಣುಕು. ಅದನ್ನೇ ಸ್ವಲ್ಪ ತಿರುಗಿಸಿ ಮತ್ತೆ ನುಡಿಸುತ್ತಾರೆ. ಹಿಂದಿನಿಂದ ಒಬ್ಬರು ಅದನ್ನು ಹಿಡಿದುಕೊಳ್ಳುತ್ತಾರೆ. ಇನ್ನೊಬ್ಬರು ಅದರ ಬಾಲ ಮಾತ್ರ ಹಿಡಿಯುತ್ತಾರೆ. ಮೂರನೆಯವರು ಅದಕ್ಕೆ ಉತ್ತರ ಕೊಡುತ್ತಾರೆ. ನೋಡ್ತಾ ನೋಡ್ತಾ ನಾಲ್ಕು ಜನ ಸೇರಿ ಯಾರೂ ಬರೆಯದ ಒಂದು ಹಾಡು ಕಟ್ಟಿಬಿಟ್ಟಿರುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಹಿಂದೆ ಸರಿದು ಆರ್ನೆಟ್‌ಗೆ ಜಾಗ ಬಿಡುತ್ತಾರೆ. ಹಾಗೆ ಜಾಗ ಬಿಡಬೇಕಾದರೆ ಇನ್ನೊಬ್ಬರನ್ನು ಎಷ್ಟು ಗಮನ ಇಟ್ಟು ಕೇಳುತ್ತಿರಬೇಕು! ನಾನು ಈ ರೆಕಾರ್ಡ್‌ಗೆ ಮತ್ತೆ ಮತ್ತೆ ವಾಪಸ್ ಬರೋದು ಆ ಜಾಗಕ್ಕಾಗಿ.

ಮೃದಂಗದ ಮನೆ

ಕಾರ್ಡ್ ಬದಲಾವಣೆ ಬಗ್ಗೆ ನನಗೆ ಅಷ್ಟು ತಿಳಿಯೋದಿಲ್ಲ. ಲಯದ ಬಗ್ಗೆ ಮಾತ್ರ ಹೇಳಬಲ್ಲೆ. ನಾನು ಮೃದಂಗ ಕಲಿತವಳು, ಈಗ ಕಲಿಸುತ್ತೇನೆ.

ಇಲ್ಲಿ ಇಬ್ಬರು ಡ್ರಮ್ಸ್ ನುಡಿಸುವವರು ಒಂದೇ ಕೆಲಸ ಮಾಡುತ್ತಿಲ್ಲ. ಹಿಗಿನ್ಸ್ ಅವರ ಕೈ ಹಗುರ. ಸಿಂಬಲ್ ಮೇಲೆ ಓಡುತ್ತಾ ಮುಂದೆ ತಳ್ಳುತ್ತಾರೆ. ಬ್ಲಾಕ್‌ವೆಲ್ ಚರ್ಮದ ಮೇಲೆ ಮಾತಾಡುತ್ತಾರೆ. ಅವರು ನ್ಯೂ ಆರ್ಲಿಯನ್ಸ್‌ನವರು, ಅಲ್ಲಿನ ಬೀದಿ ಮೆರವಣಿಗೆಯ ಬ್ಯಾಂಡ್‌ಗಳ ಲಯ ಕೈಯಲ್ಲೇ ಇದೆ. ಕೊನೆಯಲ್ಲಿ ಇಬ್ಬರ ಸರದಿ ಬಂದಾಗ ಈ ವ್ಯತ್ಯಾಸ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಬ್ಲಾಕ್‌ವೆಲ್ ಒಂದು ನಡೆ ಹಿಡಿದು ಅದನ್ನೇ ತಿದ್ದಿ ತೀಡಿ ಬೆಳೆಸುತ್ತಾರೆ. ಜೊತೆಗಾರ ಆಗಲೂ ನಿಲ್ಲಿಸಿಲ್ಲ, ಮೆಲ್ಲಗೆ ಹೊದಿಕೆ ಹಾಕುತ್ತಲೇ ಇದ್ದಾರೆ. ಆಮೇಲೆ ಪಾತ್ರ ಅದಲು ಬದಲು.

ಕೇಳಿದ ತಕ್ಷಣ ತನಿ ಆವರ್ತನ ನೆನಪಾಗುತ್ತದೆ ಅಂತ ಹೇಳೋಕೆ ಬಾಯಿ ತುದಿಯಲ್ಲಿದೆ. ಆದರೆ ಹಾಗೆ ಹೇಳಿದರೆ ತಪ್ಪು ದಾರಿ ತೋರಿಸಿದ ಹಾಗೆ. ನಮ್ಮಲ್ಲಿ ಮೃದಂಗ, ಘಟದವರು ಎಷ್ಟು ದೂರ ಹೋದರೂ ತಾಳದ ಆವರ್ತ ಕೆಳಗೆ ನಡೀತಾನೇ ಇರುತ್ತದೆ. ಮುಕ್ತಾಯ ಎಲ್ಲಿ ಬಂದು ಬೀಳಬೇಕು ಅನ್ನೋದು ಸಭೆಯಲ್ಲಿ ತಾಳ ಹಾಕುತ್ತಾ ಕೂತವರಿಗೂ ಗೊತ್ತು. ಇಲ್ಲಿ ಆ ಆವರ್ತವೇ ಇಲ್ಲ. ಕಾಲಪ್ರಮಾಣ ಇದೆ, ತಾಳ ಇಲ್ಲ. ಹಾಗಿದ್ದೂ ಇಬ್ಬರೂ ಬೇರೆ ಬೇರೆ ಬೀಳೋದಿಲ್ಲ. ಮೊದಮೊದಲು ನನಗೆ ಹಿಡಿ ಸಿಗದೆ ಒದ್ದಾಡಿಸಿದ್ದು ಅದೇ, ಈಗ ಹಿಡಿಸಿರುವುದೂ ಅದೇ.

ಹೊಸ ಕೇಳುಗ

ಮೇಡಂ, ಹಾಗಾದರೆ ಇವರೆಲ್ಲ ನಮ್ಮ ಸಂಗೀತದಿಂದ ಪ್ರಭಾವ ಪಡೆದವರಾ? ಎಲ್ಲೋ ಓದಿದ ನೆನಪು.

ಮೃದಂಗದ ಮನೆ

ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ವಿಷಯದಲ್ಲಿ ಹೌದು. 1961ರ ನವೆಂಬರ್‌ನಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ 'ಇಂಡಿಯಾ' ಅಂತಲೇ ಒಂದು ಕೃತಿ ನುಡಿಸಿದರು, ಜೊತೆಗೆ ಇದೇ ಡಾಲ್ಫಿ ಇದ್ದರು. 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರ್ ಅವರ ಹೆಸರು ನೆನೆದು ರವಿ ಅಂತ ಹೆಸರಿಟ್ಟರು. ಡಾನ್ ಚೆರಿ ಕೂಡ ಮುಂದೆ ಭಾರತದ ಸಂಗೀತದ ಕಡೆ ಬಂದರು. ಆದರೆ 1960ರ ಈ ರೆಕಾರ್ಡ್‌ಗೆ ಅದನ್ನೆಲ್ಲ ಗಂಟು ಹಾಕೋದು ಬೇಡ. ಇದರ ಬೇರು ಟೆಕ್ಸಸ್‌ನ ಬ್ಲೂಸ್, ನ್ಯೂ ಆರ್ಲಿಯನ್ಸ್‌ನ ಬೀದಿ, 1940ರ ದಶಕದ ವೇಗದ ಜಾಝ್ ಆದ ಬೀಬಾಪ್.

ನಮ್ಮ ಕಡೆಯ ನಿಜವಾದ ನಂಟು ಬೇಕು ಅಂದರೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಇದೆ. ಟಿ.ಎ.ಎಸ್. ಮಣಿ ಅವರ ತಂಡ, ಹಾಡುಗಾರಿಕೆ ಆರ್.ಎ. ರಮಾಮಣಿ ಅವರದು. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಅವರ ಜೊತೆ ಮಾಡಿದ 'ಜ್ಯೋತಿ' 1983ರಲ್ಲಿ ಇಸಿಎಂ ಕಂಪನಿಯಿಂದ ಬಂತು. ತುಂಬ ಚೆನ್ನಾಗಿದೆ, ಹುಡುಕಿ ಕೇಳಿ. ಅದು ಬೇರೆಯೇ ದಾರಿ. ಅಲ್ಲಿ ತಾಳ ಗಟ್ಟಿಯಾಗಿ ನಿಂತಿದೆ.

ಜರ್ಸಿ ಕನ್ನಡಿಗ

ಡಾಲ್ಫಿ ಮಾತು ಬಂದಿದ್ದಕ್ಕೆ ಒಂದು ವಿಷಯ. ಅದೇ ಡಿಸೆಂಬರ್ 21ರಂದು ಡಾಲ್ಫಿ ಇನ್ನೊಂದು ಪೂರ್ತಿ ರೆಕಾರ್ಡ್ ಕೂಡ ಮಾಡಿದರು. ಹೆಸರು 'ಫಾರ್ ಕ್ರೈ'. ಹಡ್ಸನ್ ನದಿಯ ಈಚೆ, ನ್ಯೂಜರ್ಸಿಯ ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿರುವ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ. ಟ್ರಂಪೆಟ್‌ಗೆ ಬೂಕರ್ ಲಿಟಲ್, ಪಿಯಾನೋಗೆ ಜ್ಯಾಕಿ ಬಯಾರ್ಡ್, ಬೇಸ್‌ಗೆ ರಾನ್ ಕಾರ್ಟರ್, ಡ್ರಮ್ಸ್‌ಗೆ ರಾಯ್ ಹೇನ್ಸ್. ಅದರಲ್ಲಿ ಕಾರ್ಡ್‌ಗಳಿವೆ, ಹಾಡುಗಳಿವೆ, ಪಿಯಾನೋ ಇದೆ. ಒಂದೇ ದಿನ, ಒಬ್ಬನೇ ಮನುಷ್ಯ, ನದಿಯ ಆ ದಡದಲ್ಲಿ ಒಂದು ಬಗೆ, ಈ ದಡದಲ್ಲಿ ಇನ್ನೊಂದು ಬಗೆ. 'ಫ್ರೀ ಜಾಝ್' ನುಡಿಸಿದವರಿಗೆ ಸರಿಯಾಗಿ ನುಡಿಸೋಕೆ ಬರ್ತಿರಲಿಲ್ಲ ಅನ್ನುವವರಿಗೆ ಈ ಎರಡನ್ನೂ ಒಟ್ಟಿಗೆ ಕೇಳಿಸಬೇಕು.

ಅದೇ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ 1965ರ ಜೂನ್ 28ರಂದು ಕೋಲ್ಟ್ರೇನ್ 'ಅಸೆನ್ಶನ್' ಮಾಡಿದರು. ಹನ್ನೊಂದು ಜನ. ನನಗೆ ಕೇಳಿದರೆ ಗುಂಪಾಗಿ ಕಟ್ಟುವ ಸಂಗೀತದ ಶಿಖರ ಅದೇ. 'ಫ್ರೀ ಜಾಝ್' ದಾರಿ ಮಾಡಿಕೊಟ್ಟಿತು, ಒಪ್ಪುತ್ತೇನೆ. ಆದರೆ 'ಅಸೆನ್ಶನ್' ಶುರುವಾದಾಗ ಮೈ ಜುಮ್ಮೆನ್ನುವ ಹಾಗೆ ಇದರಲ್ಲಿ ಆಗೋದಿಲ್ಲ. ಎರಡರಲ್ಲೂ ಇರುವ ಒಬ್ಬರೇ ಒಬ್ಬರು ಹಬರ್ಡ್.

ಎಡಕಿವಿ ಬಲಕಿವಿ

ಹಬರ್ಡ್ ವಿಷಯ ಎತ್ತಿದ್ದು ಒಳ್ಳೆಯದಾಯ್ತು. ಈ ರೆಕಾರ್ಡ್‌ನಲ್ಲಿ ಅವರಿಗೆ ಬರೀ 22 ವರ್ಷ. ಎಂಟು ಜನರಲ್ಲಿ ಹಾರ್ಡ್ ಬಾಪ್ ಅನ್ನುವ, ಕಾರ್ಡ್ ನೆಚ್ಚಿದ ಜಾಝ್ ಮನೆಯ ಮಗ ಅವರೇ. ಮುಂದಿನ ವರ್ಷವೇ ಡ್ರಮ್ಸ್ ವಾದಕ ಆರ್ಟ್ ಬ್ಲೇಕಿ ಅವರ ತಂಡಕ್ಕೆ ಹೋದವರು. ಅವರ ಸೋಲೋದಲ್ಲಿ ಎಲ್ಲರಿಗಿಂತ ದುಂಡಗಿನ ನಾದ, ಎಲ್ಲರಿಗಿಂತ ಸ್ಪಷ್ಟವಾದ ವಾಕ್ಯಗಳು. ಕಾರ್ಡ್ ಇಲ್ಲದ ಜಾಗದಲ್ಲೂ ಅವರ ಬೆರಳು ಕಾರ್ಡ್ ಹುಡುಕುತ್ತಿದೆ ಅನ್ನಿಸುತ್ತದೆ. ಕೆಲವರು ಇದನ್ನು ಕೊರತೆ ಅಂತಾರೆ. ನನಗೆ ಅದು ತುಂಬಾ ಬೇಕಾದ ರುಚಿ. ಆಮೇಲೆ ಚೆರಿ ಬಂದಾಗ ಅದೇ ಜಾತಿಯ ವಾದ್ಯ ಎಷ್ಟು ಬೇರೆ ಥರ ಮಾತಾಡುತ್ತದೆ ನೋಡಿ. ಚಿಕ್ಕ ಚಿಕ್ಕ ಮಾತು, ನಡುವೆ ನಿಲುಗಡೆ, ಸ್ವಲ್ಪ ಒರಟು.

'ಅಸೆನ್ಶನ್' ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಅಲ್ಲಿ ಎಲ್ಲರೂ ಸೇರಿದಾಗ ಒಂದು ದೊಡ್ಡ ನಾದದ ಗೋಡೆ ಏಳುತ್ತದೆ, ಒಬ್ಬೊಬ್ಬರನ್ನೂ ಬಿಡಿಸಿ ಕೇಳೋದು ಕಷ್ಟ. ಬಿಡಿಸಿ ಕೇಳಲಿ ಅಂತ ಅವರು ಮಾಡಿಯೂ ಇಲ್ಲ. 'ಫ್ರೀ ಜಾಝ್'ನಲ್ಲಿ ಯಾರು ಎಲ್ಲಿದ್ದಾರೆ ಅಂತ ಕೊನೆಯವರೆಗೂ ತಿಳಿಯುತ್ತದೆ. ನನಗೆ ಮನುಷ್ಯರ ದನಿ ಬಿಡಿಬಿಡಿಯಾಗಿ ಕೇಳಬೇಕು. ನಿಮಗೆ ಗೋಡೆ ಬೇಕು. ಇಬ್ಬರಿಗೂ ಒಂದೊಂದು ರೆಕಾರ್ಡ್ ಇದೆ.

ಬೇಸ್ ತಂತಿ

ಎಲ್ಲರೂ ಊದುವವರ ಬಗ್ಗೆಯೇ ಹೇಳ್ತಿದ್ದೀರಿ. ಬೇಸ್ ಭಾಗಕ್ಕೆ ಯಾರೂ ಬರಲಿಲ್ಲ, ಅದಕ್ಕೆ ನಾನು ಬಂದೆ.

ಹೇಡನ್‌ಗೆ ಆಗ 23, ಲಫಾರೊಗೆ 24. ಇಬ್ಬರೂ ಚಿಕ್ಕ ಹುಡುಗರು. ಹೇಡನ್ ಹಳ್ಳಿಗಾಡಿನ ಹಾಡುಗಾರರ ಮನೆಯಿಂದ ಬಂದವರು, ಮಗುವಾಗಿದ್ದಾಗಲೇ ಮನೆಯವರ ಜೊತೆ ರೇಡಿಯೋದಲ್ಲಿ ಹಾಡುತ್ತಿದ್ದರು. ಪೋಲಿಯೋ ಬಂದು ದನಿ ಹೋದ ಮೇಲೆ ಬೇಸ್ ಕಡೆ ತಿರುಗಿದರು. ಅವರ ಬೆರಳಲ್ಲಿ ಅದು ಇದೆ. ಕಡಿಮೆ ಸ್ವರ, ಪ್ರತಿ ಸ್ವರಕ್ಕೂ ತೂಕ. ಲಫಾರೊ ಅದಕ್ಕೆ ಪೂರ್ತಿ ಉಲ್ಟಾ. ತಂತಿಯ ಮೇಲ್ತುದಿಯಲ್ಲಿ ಗಿಟಾರ್ ನುಡಿಸುವವರ ವೇಗದಲ್ಲಿ ಓಡುತ್ತಾರೆ. ಆ ಹೊತ್ತಿಗೆ ಪಿಯಾನೋ ವಾದಕ ಬಿಲ್ ಎವನ್ಸ್ ಅವರ ಮೂರು ಜನರ ತಂಡದಲ್ಲಿದ್ದರು. ಅಲ್ಲಿನ ಕೆಲಸವೇ ಪಿಯಾನೋಗೆ ಸಮನಾಗಿ ಮಾತಾಡೋದು.

ಇಬ್ಬರ ಸೋಲೋ ಬೇರೆ ಬೇರೆ ಅಂತ ಹೆಸರಿಗೆ ಹೇಳ್ತಾರೆ. ನಿಜಕ್ಕೂ ಎರಡೂ ಜೋಡಿ ವಾದನ. ಹೇಡನ್ ಸರದಿಯಲ್ಲಿ ಕೆಳಗೆ ಅವರ ದಪ್ಪ ದನಿ, ಮೇಲೆ ಲಫಾರೊ ಅವರ ಚುರುಕು. ಸರದಿ ಬದಲಾದ ಮೇಲೂ ಹೇಡನ್ ನೆಲ ಬಿಟ್ಟು ಹೋಗೋದಿಲ್ಲ. ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಬ್ಯಾಂಡ್‌ನಲ್ಲಿ ಇನ್ನೊಬ್ಬ ಬೇಸ್‌ನವನು ಬಂದ ಅಂದರೆ ಸಾಮಾನ್ಯವಾಗಿ ಕೆಸರೇ. ಕೆಳಗಿನ ದನಿ ಎರಡು ಸೇರಿದರೆ ಏನೂ ಕೇಳೋದಿಲ್ಲ. ಇವರು ಕೆಸರು ಮಾಡಲಿಲ್ಲ, ಯಾಕೆಂದರೆ ಮೇಲಿನ ಮನೆ ಒಬ್ಬರದು, ಕೆಳಗಿನ ಮನೆ ಒಬ್ಬರದು ಅಂತ ಹಂಚಿಕೊಂಡರು.

1961ರ ಜೂನ್ 25ರಂದು ಲಫಾರೊ ಬಿಲ್ ಎವನ್ಸ್ ಜೊತೆ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ್ದು ರೆಕಾರ್ಡ್ ಆಯಿತು. ಜುಲೈ 6ರಂದು ಕಾರು ಅಪಘಾತದಲ್ಲಿ ತೀರಿಕೊಂಡರು. 25 ವರ್ಷ. 'ಫ್ರೀ ಜಾಝ್' ಅಂಗಡಿಗೆ ಬಂದಿದ್ದು ಆ ಸೆಪ್ಟೆಂಬರ್‌ನಲ್ಲಿ. ಅವರು ನೋಡಲೇ ಇಲ್ಲ. ಡಾಲ್ಫಿ 1964ರಲ್ಲಿ ಬರ್ಲಿನ್‌ನಲ್ಲಿ ತೀರಿಹೋದರು. ಈ ರೆಕಾರ್ಡ್ ಹಾಕಿದಾಗೆಲ್ಲ ಅದು ತಲೆಯಲ್ಲಿ ಬರುತ್ತದೆ.

ಹಳೇ ರೆಕಾರ್ಡ್

ಬೇಸ್ ಬಗ್ಗೆ ಬರೆದದ್ದು ಚೆನ್ನಾಗಿದೆ ಕಣಪ್ಪ. ಲಫಾರೊ ಬಗ್ಗೆ ನನಗೂ ಅದೇ ನೋವಿದೆ.

ಆದರೂ ನನ್ನ ತಕರಾರು ಹಾಗೇ ಇದೆ. ಉದ್ದ ಯಾಕೆ? ಇದೇ ದಿನ ಇದಕ್ಕೆ ಮೊದಲು ಇದೇ ಎಂಟು ಜನ 17 ನಿಮಿಷದ ಒಂದು ಪ್ರಯತ್ನ ನುಡಿಸಿದ್ದರು. 1971ರಲ್ಲಿ 'ಟ್ವಿನ್ಸ್' ಅನ್ನುವ ರೆಕಾರ್ಡ್‌ನಲ್ಲಿ 'ಫಸ್ಟ್ ಟೇಕ್' ಅಂತ ಬಂತು. ಅದೇ ಕಟ್ಟು, ಅದೇ ಸರದಿ ಪದ್ಧತಿ, ಅರ್ಧಕ್ಕಿಂತ ಕಡಿಮೆ ಸಮಯ. ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತಾರೆ. ಅದನ್ನು ಬಿಟ್ಟು 37 ನಿಮಿಷದ್ದನ್ನು ಯಾಕೆ ಆರಿಸಿದರೋ ನನಗೆ ಒಗ್ಗಿಲ್ಲ. ಡ್ಯೂಕ್ ಎಲಿಂಗ್ಟನ್ 78 ಆರ್‌ಪಿಎಂ ತಟ್ಟೆಯ ಮೂರು ನಿಮಿಷದಲ್ಲಿ ಒಂದು ಲೋಕವನ್ನೇ ಕಟ್ಟಿ ತೋರಿಸುತ್ತಿದ್ದರು.

ಎಡಕಿವಿ ಬಲಕಿವಿ

ಸರ್, 'ಫಸ್ಟ್ ಟೇಕ್' ಹೊಸಬರಿಗೆ ಒಳ್ಳೆಯ ಬಾಗಿಲು. ಅದನ್ನು ನಾನೂ ಹೇಳುತ್ತೇನೆ. ಆದರೆ ಅದರಲ್ಲಿ ಹಿಂದೆ ಇರುವವರಿಗೆ ಸಮಯ ಸಾಲೋದಿಲ್ಲ. ಒಂದು ತುಣುಕನ್ನು ಎತ್ತಿಕೊಳ್ಳೋದು, ಒಬ್ಬರಿಂದ ಒಬ್ಬರಿಗೆ ದಾಟಿಸೋದು, ಬಿಡೋದು, ಇದಕ್ಕೆಲ್ಲ ನಿಮಿಷಗಳು ಬೇಕು. ಉದ್ದ ಇಲ್ಲದಿದ್ದರೆ ಸೋಲೋಗಳು ಉಳಿಯುತ್ತವೆ, ಮಾತುಕತೆ ಹೋಗುತ್ತದೆ. ಎಲಿಂಗ್ಟನ್ ಅವರ ಮೂರು ನಿಮಿಷದಲ್ಲಿ ಎಲ್ಲವನ್ನೂ ಮೊದಲೇ ಯೋಚಿಸಿದ ಒಂದು ದೊಡ್ಡ ತಲೆ ಇದೆ. ಇಲ್ಲಿ ಎಂಟು ತಲೆ ಅಲ್ಲೇ ಯೋಚಿಸುತ್ತಿವೆ. ಅದು ನಿಧಾನದ ಕೆಲಸ.

ಇದರಲ್ಲಿ ಎಲ್ಲ ನಿಮಿಷವೂ ಒಂದೇ ಮಟ್ಟದಲ್ಲಿದೆ ಅಂತ ನಾನು ಹೇಳೋದಿಲ್ಲ. ಹಬರ್ಡ್ ಸೋಲೋದ ಹಿಂದೆ ಕೆಲವು ಕಡೆ ಉಳಿದವರು ಸುಮ್ನೆ ತುಂಬಿಸುತ್ತಿದ್ದಾರೆ ಅನ್ನಿಸುತ್ತದೆ. ಮುಂದಿನ ಹೆಜ್ಜೆ ಯಾರೂ ಇಡುತ್ತಿಲ್ಲ. ಅಂಥ ಜಾಗವನ್ನೂ ಕತ್ತರಿಸದೆ ಬಿಟ್ಟಿದ್ದಾರೆ. ನನಗೆ ಅದು ಪ್ರಾಮಾಣಿಕತೆ.

ಹೊಸ ಕೇಳುಗ

ಎರಡು ತಂಡ ಯಾಕೆ ಬೇಕಿತ್ತು ಅನ್ನೋದು ಇನ್ನೂ ಅರ್ಥ ಆಗಿಲ್ಲ. ಎಂಟು ಜನರ ಒಂದೇ ತಂಡ ಆಗಬಹುದಿತ್ತಲ್ವಾ? ಆಮೇಲೆ ಇದೇ ಮೊದಲ ಪ್ರಯತ್ನವಾ?

ಜರ್ಸಿ ಕನ್ನಡಿಗ

ಎರಡನೆಯ ಪ್ರಶ್ನೆಗೆ ನಾನು ಹೇಳ್ತೀನಿ. ಮೊದಲಲ್ಲ. 1949ರಲ್ಲೇ ಪಿಯಾನೋ ವಾದಕ ಲೆನಿ ಟ್ರಿಸ್ಟಾನೊ ಅವರ ತಂಡ ಕ್ಯಾಪಿಟಲ್ ಕಂಪನಿಗೆ 'ಇಂಟ್ಯೂಶನ್', 'ಡೈಗ್ರೆಶನ್' ಅಂತ ಎರಡು ತುಣುಕು ನುಡಿಸಿತ್ತು. ಹಾಡು, ಕಾರ್ಡ್, ವೇಗ ಯಾವುದನ್ನೂ ಮೊದಲೇ ಗೊತ್ತು ಮಾಡಿಕೊಂಡಿರಲಿಲ್ಲ. ಆದರೆ ಅವು ಚಿಕ್ಕವು, ಮೆಲು ದನಿಯವು. ಒಂದು ಪೂರ್ತಿ ಎಲ್‌ಪಿಯನ್ನು ಒಂದೇ ಗುಂಪು ವಾದನಕ್ಕೆ ಕೊಟ್ಟಿದ್ದು ಆರ್ನೆಟ್. ಹೆಸರೂ ಇದರದೇ ನಿಂತಿತು. ಆಮೇಲೆ ಬಂದ ಇಡೀ ಪಂಥವನ್ನೇ ಫ್ರೀ ಜಾಝ್ ಅಂದರು.

ಇನ್ನೂ ಹಿಂದೆ ಹೋದರೆ ನ್ಯೂ ಆರ್ಲಿಯನ್ಸ್‌ನ ಹಳೇ ಜಾಝ್ ಪೂರ್ತಿ ಗುಂಪು ಕಲ್ಪನೆಯೇ, ಅಂದರೆ ಎಲ್ಲರೂ ಸೇರಿ ಅಲ್ಲೇ ಹುಟ್ಟಿಸಿ ನುಡಿಸೋದು. 1923ರ ಕಿಂಗ್ ಆಲಿವರ್ ತಂಡದ ತಟ್ಟೆಗಳನ್ನು ಕೇಳಿ. ಎರಡು ಕಾರ್ನೆಟ್, ಕ್ಲಾರಿನೆಟ್, ಟ್ರೊಂಬೋನ್ ಒಟ್ಟಿಗೆ ಹೆಣೆದುಕೊಂಡಿರುತ್ತವೆ. ಒಬ್ಬೊಬ್ಬರೇ ಎದ್ದು ನಿಂತು ಸೋಲೋ ನುಡಿಸೋದು ಆಮೇಲೆ ಗಟ್ಟಿಯಾದ ಪದ್ಧತಿ. ಹಾಗೆ ನೋಡಿದರೆ ಆರ್ನೆಟ್ ಮಾಡಿದ್ದು ಹಳೆಯ ಮನೆಗೆ ವಾಪಸ್ ಹೋಗಿದ್ದು.

ಎಡಕಿವಿ ಬಲಕಿವಿ

ಎರಡು ತಂಡದ ಪ್ರಶ್ನೆ ಒಳ್ಳೆಯದು. ಒಂದು ಹಿನ್ನೆಲೆ ಇದೆ. ಆರ್ನೆಟ್ ಅವರ 1959ರ ತಂಡದ ಡ್ರಮ್ಸ್‌ನವರು ಹಿಗಿನ್ಸ್. 1959ರ ನವೆಂಬರ್‌ನಲ್ಲಿ ಫೈವ್ ಸ್ಪಾಟ್ ಕ್ಲಬ್‌ನಲ್ಲಿ ಎರಡು ವಾರಕ್ಕೆ ಅಂತ ಬಂದು ಎರಡೂವರೆ ತಿಂಗಳು ನುಡಿಸಿದರಲ್ಲ, ಆಗ ಇದ್ದವರು ಅವರೇ. ಆ ಕಾಲದ ನ್ಯೂಯಾರ್ಕ್‌ನಲ್ಲಿ ಮದ್ಯ ಮಾರುವ ಜಾಗದಲ್ಲಿ ನುಡಿಸಬೇಕಾದರೆ ಪೊಲೀಸರು ಕೊಡುವ ಕ್ಯಾಬರೆ ಕಾರ್ಡ್ ಅನ್ನುವ ಅನುಮತಿ ಚೀಟಿ ಇರಬೇಕಿತ್ತು. ಹಿಗಿನ್ಸ್ ಅವರ ಕಾರ್ಡ್ ಹೋಯಿತು. ಅವರ ಜಾಗಕ್ಕೆ 1960ರಲ್ಲಿ ಬ್ಲಾಕ್‌ವೆಲ್ ಬಂದರು. ಕಾರ್ಡ್ ಬೇಕಾಗಿದ್ದು ಕ್ಲಬ್‌ಗೆ, ಸ್ಟುಡಿಯೋಗಲ್ಲ. ಹಾಗಾಗಿ ಈ ರೆಕಾರ್ಡ್‌ನಲ್ಲಿ ಹಳೆಯ ಡ್ರಮ್ಸ್‌ನವರು, ಹೊಸ ಡ್ರಮ್ಸ್‌ನವರು ಇಬ್ಬರೂ ಕೂತರು. ಬೇಸ್‌ನಲ್ಲೂ ಹೆಚ್ಚು ಕಡಿಮೆ ಅದೇ. ಆಗ ತಂಡದಲ್ಲಿದ್ದವರು ಹೇಡನ್. 1961ರ ಜನವರಿಯಲ್ಲಿ 'ಆರ್ನೆಟ್!' ಅನ್ನುವ ರೆಕಾರ್ಡ್ ಮಾಡುವಾಗ ಬೇಸ್ ಹಿಡಿದವರು ಲಫಾರೊ. ಆರ್ನೆಟ್ ತಮ್ಮ ಸುತ್ತ ಇದ್ದ ಜನರನ್ನೇ ಸೇರಿಸಿದ್ದಾರೆ.

ಇನ್ನೊಂದು ಕಾರಣ ಸ್ಟೀರಿಯೋ. ಮನೆ ಮನೆಗೆ ಸ್ಟೀರಿಯೋ ಆಗಷ್ಟೇ ಬರುತ್ತಿತ್ತು. ಎಂಟು ಜನರನ್ನು ನಡುವೆ ಗುಡ್ಡೆ ಹಾಕಿದ್ದರೆ ಟೈನನ್ ಕೊಟ್ಟ ಸೊನ್ನೆ ಸರಿಯಾಗುತ್ತಿತ್ತು. ಎಡ ಬಲಕ್ಕೆ ಹಂಚಿದ್ದರಿಂದ ಎರಡು ಟ್ರಂಪೆಟ್, ಎರಡು ಬೇಸ್, ಎರಡು ಡ್ರಮ್ಸ್ ಒಂದರ ಮೇಲೊಂದು ಬೀಳದೆ ಉಳಿದವು. ಹಾಗಾಗಿ ಇದನ್ನು ಫೋನಿನ ಒಂದೇ ಸ್ಪೀಕರ್‌ನಲ್ಲಿ ದಯವಿಟ್ಟು ಕೇಳಬೇಡಿ. ಅರ್ಧ ಜನ ಐದು ನಿಮಿಷಕ್ಕೆ ನಿಲ್ಲಿಸೋದು ಇದೇ ಕಾರಣಕ್ಕೆ ಅಂತ ನನ್ನ ಬಲವಾದ ಅನುಮಾನ.

ಕವರ್ ಬಗ್ಗೆಯೂ ಒಂದು ಮಾತು. ಮೂಲ ಎಲ್‌ಪಿಯ ಮುಂಭಾಗದಲ್ಲಿ ಒಂದು ಕಿಟಕಿ ಕತ್ತರಿಸಿದ್ದರು. ಅದರಲ್ಲಿ ಜಾಕ್ಸನ್ ಪೊಲಾಕ್ ಅವರ 1954ರ 'ವೈಟ್ ಲೈಟ್' ಚಿತ್ರದ ಒಂದು ಚೂರು ಮಾತ್ರ ಕಾಣುತ್ತಿತ್ತು, ಕವರ್ ಬಿಡಿಸಿದರೆ ಪೂರ್ತಿ ಚಿತ್ರ. ಬಣ್ಣದ ಗೆರೆಗಳು ಮೇಲಿಂದ ಮೇಲೆ ಬಿದ್ದಿರುತ್ತವೆ, ಒಂದನ್ನು ಹಿಡಿದು ಹೋದರೆ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕಾಣುತ್ತದೆ. ಆದರೆ ಪೊಲಾಕ್ ಒಬ್ಬರೇ. ಇಲ್ಲಿ ಎಂಟು ಕೈ. ಆ ಹೋಲಿಕೆಯನ್ನು ಜಾಸ್ತಿ ಎಳೆಯೋಕೆ ನನಗೆ ಇಷ್ಟವಿಲ್ಲ.

ಬೇಸ್ ತಂತಿ

ಹೊಸ ಕೇಳುಗ ಅವರೇ, ಒಂದು ಉಪಾಯ. ಹೆಡ್‌ಫೋನ್ ಹಾಕಿ, ಬಲಗಡೆ ಮಾತ್ರ ಕಿವಿಗೆ ಇಟ್ಟುಕೊಂಡು ಡಾಲ್ಫಿ ಸೋಲೋ ಕೇಳಿ. ನಾಲ್ಕು ಜನರ ಒಂದು ಚೊಕ್ಕ ಜಾಝ್ ತಂಡವೇ ಸಿಗುತ್ತದೆ. ಆಮೇಲೆ ಎಡಗಡೆ ಹಾಕಿಕೊಳ್ಳಿ. ಯಾರು ಹೊಸದಾಗಿ ಸೇರಿದರು ಅಂತ ಆಗ ಗೊತ್ತಾಗುತ್ತದೆ.

ಹೊಸ ಕೇಳುಗ

ಮಾಡಿ ನೋಡಿದೆ. ಬಲಗಡೆ ಬರೀ ಹೇಡನ್, ಬ್ಲಾಕ್‌ವೆಲ್ ಹಿಡಿದುಕೊಂಡು ಹೋದೆ, ದಾರಿ ತಪ್ಪಲಿಲ್ಲ. ಡಾಲ್ಫಿ ಅವರ ಬೇಸ್ ಕ್ಲಾರಿನೆಟ್ ಮನುಷ್ಯ ಕೂಗಿದ ಹಾಗೆ, ನಕ್ಕ ಹಾಗೆ ಇದೆ. ಎರಡೂ ಕಡೆ ಹಾಕಿದ ಮೇಲೆ ಆರ್ನೆಟ್ ಸೋಲೋದಲ್ಲಿ ನೀವು ಹೇಳಿದ ಆ ಜಾಗ ಸಿಕ್ತು. ಹಿಂದಿನಿಂದ ಟ್ರಂಪೆಟ್ ಬಂದು ಸೇರಿಕೊಂಡಾಗ ನಿಜಕ್ಕೂ ಖುಷಿಯಾಯ್ತು. ಚೆರಿ ಸೋಲೋ ಮಾತ್ರ ಇನ್ನೂ ಒಳಗೆ ಇಳಿದಿಲ್ಲ. ಇದಾದ ಮೇಲೆ ಏನು ಕೇಳಲಿ?

ಎಡಕಿವಿ ಬಲಕಿವಿ

ಚೆರಿ ಹಿಡಿಸಬೇಕಾದರೆ 'ಹಳೇ ರೆಕಾರ್ಡ್' ಅವರ ಮಾತು ಕೇಳಿ, 1959ರ ನಾಲ್ಕು ಜನರ ರೆಕಾರ್ಡ್‌ಗೆ ಹೋಗಿ. ಅಲ್ಲಿ ಅವರೂ ಆರ್ನೆಟ್ ಅವರೂ ಒಂದೇ ಬಾಯಿಂದ ಮಾತಾಡುತ್ತಾರೆ. ಆಮೇಲೆ ಆರ್ಟ್ ಆನ್ಸಂಬಲ್ ಆಫ್ ಶಿಕಾಗೋ ತಂಡದ 'ಪೀಪಲ್ ಇನ್ ಸಾರೋ' ಕೇಳಿ, 1969ರದು. ಅದೂ ಉದ್ದನೆಯ ಗುಂಪು ವಾದನವೇ, ಆದರೆ ಮೆಲ್ಲನೆಯದು. ಗುಂಪು ಕಲ್ಪನೆ ಅಂದರೆ ಜೋರು ಸದ್ದೇ ಇರಬೇಕು ಅನ್ನುವ ಭ್ರಮೆ ಹೋಗುತ್ತದೆ. ಜೋರೇ ಬೇಕಾದರೆ ಜರ್ಮನಿಯ ಪೀಟರ್ ಬ್ರೋಟ್ಸ್‌ಮನ್ ಎಂಟು ಜನರ ತಂಡದಲ್ಲಿ 1968ರಲ್ಲಿ ಬ್ರೆಮೆನ್‌ನಲ್ಲಿ ಮಾಡಿದ 'ಮಶೀನ್ ಗನ್' ಇದೆ. ಅದನ್ನು ಅಕ್ಕಪಕ್ಕದ ಮನೆಯವರು ಇಲ್ಲದಾಗ ಹಾಕೋದು ಒಳ್ಳೆಯದು.

ಹಳೇ ರೆಕಾರ್ಡ್

ಹುಡುಗರೆಲ್ಲ ಸೇರಿ ನನ್ನನ್ನೂ ಮತ್ತೆ ಕೂರಿಸಿದಿರಿ. ಮೃದಂಗದ ಮೇಡಂ ಹೇಳಿದ ಹಾಗೆ ಕೊನೆಯ ಡ್ರಮ್ಸ್ ಭಾಗ ಮಾತ್ರ ಬೇರೆಯಾಗಿ ಕೇಳಿದೆ. ಬ್ಲಾಕ್‌ವೆಲ್ ಬಹಳ ದೊಡ್ಡವರು, ಅದನ್ನು ಮನಸಾರೆ ಹೇಳುತ್ತೇನೆ. 37 ನಿಮಿಷ ಉದ್ದವಾಯಿತು ಅನ್ನೋದನ್ನು ಬಿಡೋದಿಲ್ಲ. ನನ್ನ ಲೆಕ್ಕದಲ್ಲಿ ಮೂರು ನಕ್ಷತ್ರ.

ಮೃದಂಗದ ಮನೆ

ಸೊನ್ನೆಯಿಂದ ಮೂರಕ್ಕೆ ಬಂದಿರಿ ಸರ್, ಸಂತೋಷ. ನನ್ನ ವಿದ್ಯಾರ್ಥಿಗಳಿಗೂ ಆ ಭಾಗ ಕೇಳಿಸಬೇಕು ಅಂತಿದ್ದೇನೆ. ತಾಳ ಇಲ್ಲದೆ ಇಬ್ಬರು ಹೇಗೆ ಒಟ್ಟಿಗೆ ನಿಲ್ಲುತ್ತಾರೆ ಅಂತ ಅವರೇ ಕಂಡುಹಿಡಿಯಲಿ.

ಜರ್ಸಿ ಕನ್ನಡಿಗ

ಹಾಗಾದರೆ 'ಅಸೆನ್ಶನ್'ಗೆ ಬೇರೆ ಚರ್ಚೆ ಶುರು ಮಾಡ್ತೀನಿ. ಅದನ್ನು ಅವತ್ತು ಎರಡು ಸಲ ಪೂರ್ತಿ ನುಡಿಸಿದ್ದರು. ಮೊದಲು ಅಂಗಡಿಗೆ ಬಂದ ಪ್ರತಿಗಳಲ್ಲಿ ಒಂದಿತ್ತು, ಆಮೇಲಿನ ಪ್ರತಿಗಳಲ್ಲಿ ಇನ್ನೊಂದನ್ನು ಹಾಕಿದರು. ಈಗ ಎರಡೂ ಸಿಗುತ್ತವೆ. ಮೊದಲು ಅಂಗಡಿಗೆ ಬಂದದ್ದರಲ್ಲಿ ಎಲ್ವಿನ್ ಜೋನ್ಸ್ ಅವರ ಡ್ರಮ್ಸ್ ಸೋಲೋ ಇದೆ, ಆಮೇಲೆ ಬಂದದ್ದರಲ್ಲಿ ಇಲ್ಲ. ಆರ್ಚಿ ಶೆಪ್ ಮತ್ತು ಜಾನ್ ಚಿಕಾಯ್ ಅವರ ಸರದಿಯೂ ಹಿಂದೆ ಮುಂದೆ ಆಗಿದೆ. ಎರಡನ್ನೂ ಕೇಳಿಕೊಂಡು ಬನ್ನಿ, ಯಾವುದು ಮೇಲು ಅಂತ ಅಲ್ಲಿ ಮಾತಾಡೋಣ. ಸರ್, ನೀವೂ ಬರಲೇಬೇಕು.